ಸಾರಸ್ ವಿಮಾನದ ಪತನ: 2009ರ ಬಿಡದಿ ಅಪಘಾತ ಮತ್ತು ಅದರ ಕಾರಣಗಳು

ಸಣ್ಣ ವಿಮಾನದ ಅಪಘಾತವೆಂದೊಡನೆ ಕನ್ನಡಿಗರ ಮನಸ್ಸಿಗೆ ಮೊದಲು ಬರುವುದು 2004ರ ಏಪ್ರಿಲ್ 17. ಅಂದು ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಿಂದ ಮೇಲೇರಿದ ಸೆಸ್ನಾ ವಿಮಾನವೊಂದು ಸ್ವಲ್ಪ ಹೊತ್ತಿನಲ್ಲೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಬಿದ್ದು, ಚಿತ್ರನಟಿ ಸೌಂದರ್ಯ ಅವರೂ ಸೇರಿ ನಾಲ್ವರು ಮೃತರಾದರು. ಆ ದುಃಖವನ್ನು ಕೋಲ್ಕತ್ತದ ನಮ್ಮ ಮನೆಗಳಲ್ಲಿಯೂ ಎಲ್ಲರೂ ಬಲ್ಲರು. ಅದಾಗಿ ಐದು ವರ್ಷ ತುಂಬುವ ಮೊದಲೇ ಬೆಂಗಳೂರಿನ ಇನ್ನೊಂದು ದಿಕ್ಕಿನಲ್ಲಿ ಮತ್ತೊಂದು ಸಣ್ಣ ವಿಮಾನ ಬಿದ್ದಿತು. ಅದರಲ್ಲಿ ಚಿತ್ರತಾರೆಯರಾಗಲಿ ರಾಜಕಾರಣಿಗಳಾಗಲಿ ಇರಲಿಲ್ಲ. ಭಾರತೀಯ ವಾಯುಪಡೆಯ ಮೂವರು ಅಧಿಕಾರಿಗಳಿದ್ದರು. ಆದ್ದರಿಂದಲೋ ಏನೋ, ಆ ಘಟನೆ ಬಹುಬೇಗ ಮರೆಯಾಯಿತು.

ಅದು ಮರೆಯಬಾರದ ಘಟನೆಯೆಂಬುದು ನಮ್ಮ ಅಭಿಪ್ರಾಯ. ಬಿದ್ದದ್ದು ಬೆಂಗಳೂರಿನಲ್ಲೇ ರೂಪುಗೊಂಡ ವಿಮಾನ. ಬೀಳಲು ಕಾರಣವೇನೆಂಬುದು ಅಧಿಕೃತ ತನಿಖೆಯಿಂದ ಹೊರಬಂದಿದೆ. ಆ ಕಾರಣಗಳನ್ನು ಒಂದೊಂದಾಗಿ ನೋಡಿದರೆ, ಅಪಘಾತದ ಮೂಲವು ವಿಮಾನ ನೆಲ ಬಿಡುವುದಕ್ಕೆ ಮೊದಲೇ, ಒಂದು ಕಾಗದದ ಮೇಲೆ ಇತ್ತೆಂಬುದು ತಿಳಿಯುತ್ತದೆ. ಓದುಗ ಬಾಂಧವರ ಅನುಕೂಲಕ್ಕಾಗಿ ಆ ವಿವರಗಳನ್ನು ಇಲ್ಲಿ ಕ್ರಮವಾಗಿ ನೀಡುತ್ತಿದ್ದೇವೆ.

ಘಟನೆಯ ಸಂಕ್ಷಿಪ್ತ ವಿವರ

2009ರ ಮಾರ್ಚ್ 6, ಶುಕ್ರವಾರ. ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ಮಧ್ಯಾಹ್ನ ಮೂರು ಗಂಟೆಗೆ ತುಸು ಮುಂಚೆ ಸಾರಸ್ ವಿಮಾನದ ಎರಡನೆಯ ಮೂಲಮಾದರಿಯು ಪರೀಕ್ಷಾ ಹಾರಾಟಕ್ಕೆಂದು ಹೊರಟಿತು. ವಿಮಾನದಲ್ಲಿದ್ದವರು ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ ಮತ್ತು ಪರೀಕ್ಷಾ ಎಂಜಿನಿಯರರಾಗಿದ್ದ ಸ್ಕ್ವಾಡ್ರನ್ ಲೀಡರ್ ಇಳಯರಾಜ. ನಗರದ ನೈಋತ್ಯ ದಿಕ್ಕಿನಲ್ಲಿ ಪರೀಕ್ಷೆಗಳಿಗೆಂದು ಗೊತ್ತುಪಡಿಸಿದ ವಾಯುಪ್ರದೇಶದತ್ತ ಅವರು ಸಾಗಿದರು. ಅಂದಿನ ಕಾರ್ಯಕ್ರಮದಲ್ಲಿದ್ದ ಒಂದು ಮುಖ್ಯ ಪರೀಕ್ಷೆಯೆಂದರೆ, ಸುಮಾರು 9,000 ಅಡಿ ಎತ್ತರದಲ್ಲಿ ಎಡಭಾಗದ ಎಂಜಿನ್ನನ್ನು ಉದ್ದೇಶಪೂರ್ವಕವಾಗಿ ನಿಲ್ಲಿಸಿ, ಹಾರುತ್ತಿರುವಾಗಲೇ ಅದನ್ನು ಮತ್ತೆ ಚಾಲೂ ಮಾಡುವುದು.

ಎಂಜಿನ್ ನಿಲ್ಲಿಸಿದ ಸಂಗತಿಯನ್ನು ಚಾಲಕರು ನೆಲದ ಮೇಲಿನ ಕೇಂದ್ರಕ್ಕೆ ತಿಳಿಸಿದರು. ಮರುಚಾಲನೆಯ ಪ್ರಯತ್ನ ಆರಂಭವಾಯಿತು. ಅನಂತರ ವಿಮಾನವು ಥಟ್ಟನೆ ಎತ್ತರ ಕಳೆದುಕೊಂಡು ಹಿಡಿತ ತಪ್ಪಿತು. ಮೂರೂವರೆಯ ಸುಮಾರಿಗೆ ಅದು ಬಿಡದಿಯ ಸಮೀಪದ ಶೇಷಗಿರಿಹಳ್ಳಿಯ ಬಳಿ ನೆಲಕ್ಕಪ್ಪಳಿಸಿ ಉರಿದುಹೋಯಿತು. ಮೂವರೂ ಸ್ಥಳದಲ್ಲೇ ಅಸುನೀಗಿದರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ತಟ್ಟೆ ಇಡ್ಲಿಗೆಂದು ನಾವೆಲ್ಲರೂ ವಾಹನ ನಿಲ್ಲಿಸುವ ಬಿಡದಿಯೇ ಇದು.

ಸಾರಸ್ ಎಂಬ ವಿಮಾನ

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು, ಅಂದರೆ ನಾವೆಲ್ಲರೂ ಎನ್.ಎ.ಎಲ್. ಎಂದು ಕರೆಯುವ ಸಂಸ್ಥೆಯು, 1959ರಲ್ಲಿ ಸ್ಥಾಪನೆಯಾಯಿತು. ಇದು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಸೇರಿದ್ದು. ಎರಡು ಆಸನಗಳ ಹಂಸ ಎಂಬ ತರಬೇತಿ ವಿಮಾನವನ್ನು ಈ ಸಂಸ್ಥೆ ಮೊದಲು ರೂಪಿಸಿತು. ಅದಕ್ಕಿಂತ ದೊಡ್ಡ ಕನಸು ಸಾರಸ್. ಸಣ್ಣ ಊರುಗಳ ನಡುವೆ ಸಂಚರಿಸಬಲ್ಲ, ಚಿಕ್ಕ ಓಡುದಾರಿಯಿಂದಲೂ ಏಳಬಲ್ಲ, ಸುಮಾರು 14 ಆಸನಗಳ ವಿಮಾನವನ್ನು ದೇಶದಲ್ಲೇ ತಯಾರಿಸಬೇಕೆಂಬುದು ಯೋಜನೆಯ ಗುರಿ. ಆರಂಭದಲ್ಲಿ ರಷ್ಯಾದ ಮ್ಯಾಸಿಶ್ಚೆವ್ ಸಂಸ್ಥೆಯ ಸಹಯೋಗವಿತ್ತು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಅಲ್ಲಿಯ ಹಣಕಾಸಿನ ಮುಗ್ಗಟ್ಟಿನಿಂದ ಆ ಸಹಯೋಗ ನಿಂತುಹೋಗಿ, ಕೆಲಸವನ್ನು ಎನ್.ಎ.ಎಲ್. ಒಂದೇ ಮುಂದುವರಿಸಬೇಕಾಯಿತು.

ಮೊದಲ ಮೂಲಮಾದರಿಯು 2004ರ ಮೇ 29ರಂದು ಹಾರಿತು. ವಿನ್ಯಾಸದ ಪ್ರಕಾರ ಖಾಲಿ ವಿಮಾನದ ತೂಕ 4,125 ಕಿಲೋ ಇರಬೇಕಿತ್ತು. ತಯಾರಾದಾಗ ಅದು 5,118 ಕಿಲೋ ಆಗಿತ್ತು. ಆದ್ದರಿಂದ ಎರಡನೆಯ ಮೂಲಮಾದರಿಯಲ್ಲಿ ತೂಕ ಇಳಿಸುವ ಪ್ರಯತ್ನ ನಡೆಯಿತು. ಹೆಚ್ಚು ಶಕ್ತಿಯ, ತಲಾ 1,200 ಅಶ್ವಶಕ್ತಿಯ, ಎಂಜಿನ್‌ಗಳನ್ನು ಅಳವಡಿಸಲಾಯಿತು. ಇದು 2007ರ ಏಪ್ರಿಲ್ 18ರಂದು ಮೊದಲ ಬಾರಿ ಹಾರಿತು. ಬಿಡದಿಯ ಬಳಿ ಬಿದ್ದದ್ದು ಇದೇ ವಿಮಾನ.

ಸಾರಸ್ ವಿಮಾನದ ರಚನೆಯಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಪ್ರೊಪೆಲ್ಲರ್ ಎಂಜಿನ್ನಿನ ಮುಂದಿದ್ದು ವಿಮಾನವನ್ನು ಎಳೆಯುತ್ತದೆ. ಇಲ್ಲಿ ಎರಡು ಎಂಜಿನ್‌ಗಳೂ ಒಡಲಿನ ಹಿಂಭಾಗದಲ್ಲಿದ್ದು, ಪ್ರೊಪೆಲ್ಲರ್‌ಗಳು ಹಿಂದಿನಿಂದ ವಿಮಾನವನ್ನು ತಳ್ಳುತ್ತವೆ.

ಹಾರುವಾಗ ಎಂಜಿನ್ ನಿಲ್ಲಿಸುವುದೇಕೆ?

ಚೆನ್ನಾಗಿ ನಡೆಯುತ್ತಿರುವ ಎಂಜಿನ್ನನ್ನು ಆಕಾಶದಲ್ಲಿ ನಿಲ್ಲಿಸುವುದು ಹುಚ್ಚು ಸಾಹಸವಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ವಿಷಯ ಹಾಗಿಲ್ಲ. ಪ್ರಯಾಣಿಕರನ್ನು ಹೊತ್ತೊಯ್ಯುವ ಯಾವುದೇ ವಿಮಾನಕ್ಕೆ ಪರವಾನಗಿ ದೊರೆಯುವ ಮೊದಲು, ಅದರ ಎಂಜಿನ್ ಯಾವುದೋ ಕಾರಣದಿಂದ ನಿಂತರೆ ಹಾರಾಟದಲ್ಲೇ ಮತ್ತೆ ಹೊತ್ತಿಕೊಳ್ಳುತ್ತದೆಯೇ, ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ತೋರಿಸಿಕೊಡಬೇಕು. ಅದನ್ನು ಕಾಗದದ ಲೆಕ್ಕದಿಂದ ಮಾತ್ರ ತೋರಿಸಲಾಗದು. ಯಾರಾದರೂ ಮೇಲೆ ಹೋಗಿ ಮಾಡಿಯೇ ನೋಡಬೇಕು. ಪರೀಕ್ಷಾ ಚಾಲಕರ ವೃತ್ತಿ ಇದೇ. ಕೋಲ್ಕತ್ತದಿಂದ ಬೆಂಗಳೂರಿಗೆ ನಾವು ಹಾರುವ ಪ್ರತಿಯೊಂದು ವಿಮಾನದ ಕೈಪಿಡಿಯ ಹಿಂದೆಯೂ ಇಂತಹ ಅಪರಿಚಿತರ ದುಡಿಮೆ ಇದೆ.

ಇಂತಹ ಹಾರಾಟದಲ್ಲಿ ಚಾಲಕರು ಮೇಲೆ ಒಂಟಿಯಾಗಿರುವುದಿಲ್ಲ. ವಿಮಾನದ ವೇಗ, ಎತ್ತರ, ಎಂಜಿನ್ನಿನ ಸ್ಥಿತಿ ಮುಂತಾದ ಮಾಹಿತಿಗಳು ರೇಡಿಯೋ ಮೂಲಕ ನೆಲದ ಕೇಂದ್ರಕ್ಕೆ ಕ್ಷಣಕ್ಷಣವೂ ಬರುತ್ತಿರುತ್ತವೆ. ಇದನ್ನು ಟೆಲಿಮೆಟ್ರಿ ಎನ್ನುತ್ತಾರೆ. ಆ ಮಾಹಿತಿಯನ್ನು ಗಮನಿಸುತ್ತ ಹಾರಾಟ ಪರೀಕ್ಷೆಯ ನಿರ್ದೇಶಕರು ಕುಳಿತಿರುತ್ತಾರೆ. ಪರೀಕ್ಷೆ ಮುಂದುವರಿಯಬೇಕೋ ಕೈಬಿಡಬೇಕೋ ಎಂಬ ನಿರ್ಣಯದಲ್ಲಿ ಚಾಲಕರೊಡನೆ ಅವರಿಗೂ ಪಾಲಿದೆ.

ಪ್ರೊಪೆಲ್ಲರ್ ಅಲಗಿನ ಕೋನ

ಈ ಅಪಘಾತವನ್ನು ಅರಿಯಲು ಪ್ರೊಪೆಲ್ಲರ್ ಕುರಿತು ಒಂದು ವಿಷಯ ತಿಳಿದಿರಬೇಕು. ಚಲಿಸುವ ರೈಲಿನ ಕಿಟಕಿಯ ಬಳಿ ಅಂಗೈಯನ್ನು ಗಾಳಿಗೆ ಅಡ್ಡಲಾಗಿ ಹಿಡಿದರೆ ಗಾಳಿ ಕೈಯನ್ನು ಬಲವಾಗಿ ಹಿಂದಕ್ಕೆ ನೂಕುತ್ತದೆ. ಅದೇ ಅಂಗೈಯನ್ನು ತಿರುಗಿಸಿ ಅಂಚನ್ನು ಗಾಳಿಗೆ ಒಡ್ಡಿದರೆ ಗಾಳಿ ಸೀಳಿಕೊಂಡು ಹೋಗುತ್ತದೆ. ಇಂತಹ ವಿಮಾನಗಳ ಪ್ರೊಪೆಲ್ಲರ್ ಅಲಗುಗಳನ್ನೂ ಹೀಗೆ ತಿರುಗಿಸಬಹುದು. ಎಂಜಿನ್ ನಿಂತಾಗ ಅಲಗಿನ ಅಂಚು ಗಾಳಿಗೆ ಎದುರಾಗುವಂತೆ ತಿರುಗಿಸಿಡುತ್ತಾರೆ. ಚಾಲಕರ ಭಾಷೆಯಲ್ಲಿ ಇದಕ್ಕೆ ಫೆದರ್ ಮಾಡುವುದು ಎಂದು ಹೆಸರು. ಹಾಗೆ ಮಾಡಿದರೆ ನಿಂತ ಎಂಜಿನ್ನಿನ ಕಡೆ ಗಾಳಿಯ ಪ್ರತಿರೋಧ ತೀರ ಕಡಿಮೆಯಾಗಿ, ಇನ್ನೊಂದು ಎಂಜಿನ್ನಿನ ಬಲದಿಂದ ವಿಮಾನ ಹಾರುತ್ತಿರುತ್ತದೆ.

ಎಂಜಿನ್ ಶಕ್ತಿ ಕೊಡುವ ಮೊದಲೇ ಅಲಗುಗಳು ಗಾಳಿಗೆ ಅಡ್ಡಲಾಗಿ ತಿರುಗಿದರೆ ಪರಿಸ್ಥಿತಿ ತಲೆಕೆಳಗಾಗುತ್ತದೆ. ಆಗ ಪ್ರೊಪೆಲ್ಲರ್ ವಿಮಾನವನ್ನು ತಳ್ಳುವ ಬದಲು, ಗಾಳಿಯಿಂದಲೇ ತಾನು ಗಿರಗಿರನೆ ತಿರುಗುತ್ತ, ದೊಡ್ಡದೊಂದು ತಟ್ಟೆಯನ್ನು ಅಡ್ಡ ಹಿಡಿದಂತೆ ವಿಮಾನವನ್ನು ತಡೆಯುತ್ತದೆ. ಒಂದು ಪಕ್ಕದಲ್ಲಿ ತಳ್ಳುವ ಬಲ, ಇನ್ನೊಂದು ಪಕ್ಕದಲ್ಲಿ ತಡೆಯುವ ಬಲ. ಒಂದೇ ಕಡೆ ಹುಟ್ಟು ಹಾಕಿದ ಹರಿಗೋಲಿನಂತೆ ವಿಮಾನ ಪಕ್ಕಕ್ಕೆ ತಿರುಗಲು ತೊಡಗುತ್ತದೆ, ವೇಗ ಕುಂದುತ್ತದೆ, ರೆಕ್ಕೆಗಳಿಗೆ ಎತ್ತಿಹಿಡಿಯುವ ಶಕ್ತಿ ಸಾಲದೆ ಹೋಗುತ್ತದೆ.

ಆದ್ದರಿಂದ ಮರುಚಾಲನೆಯಲ್ಲಿ ಯಾವ ಸನ್ನೆಯನ್ನು ಮೊದಲು ಸರಿಸಬೇಕು, ಯಾವುದನ್ನು ಅನಂತರ, ಅಲಗಿನ ಕೋನ ಯಾವ ಹಂತದಲ್ಲಿ ಎಷ್ಟಿರಬೇಕು ಎಂಬುದು ಪ್ರಾಣದ ಪ್ರಶ್ನೆ. ಎಂಜಿನ್ ಕೆನಡಾದ ಒಂದು ಕಂಪನಿಯದು, ಪ್ರೊಪೆಲ್ಲರ್ ಜರ್ಮನಿಯ ಇನ್ನೊಂದು ಕಂಪನಿಯದು, ವಿಮಾನದ ಒಡಲು ಬೆಂಗಳೂರಿನದು. ಮೂರೂ ಕೂಡಿ ಕೆಲಸ ಮಾಡುವ ವಿಧಾನವನ್ನು ಮೂವರ ಅರಿವಿನಿಂದಲೂ ಬರೆಯಬೇಕಾಗುತ್ತದೆ.

ಎತ್ತರದ ಲೆಕ್ಕ

9,000 ಅಡಿ ಎಂದರೆ ಬಹಳ ಎತ್ತರವೆಂದು ತೋರುತ್ತದೆ. ಆದರೆ ಈ ಅಂಕಿ ಸಮುದ್ರಮಟ್ಟದಿಂದ ಅಳೆದದ್ದು. ನಾವಿರುವ ಕೋಲ್ಕತ್ತದ ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಮೇಲಿದೆ. ಇಲ್ಲಿ 9,000 ಅಡಿಯೆಂದರೆ ಹೆಚ್ಚುಕಡಿಮೆ ಪೂರ್ತಿ 9,000 ಅಡಿ ಅಂತರ. ಬೆಂಗಳೂರು ನಗರವೇ ಸುಮಾರು 3,000 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಬಿಡದಿಯ ಕಡೆ ನೆಲ ತುಸು ತಗ್ಗು. ಹಾಗಾಗಿ ಅಂದು ವಿಮಾನಕ್ಕೂ ನೆಲಕ್ಕೂ ನಡುವೆ ಇದ್ದ ಅಂತರ ಆರು ಸಾವಿರ ಅಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಿಡಿತ ತಪ್ಪಿ ತಿರುಗುತ್ತ ಬೀಳುವ ವಿಮಾನವು ಕೆಲವೇ ಸೆಕೆಂಡುಗಳಲ್ಲಿ ಸಾವಿರಾರು ಅಡಿ ಕಳೆದುಕೊಳ್ಳಬಲ್ಲದು. ಪರೀಕ್ಷಾ ಹಾರಾಟದಲ್ಲಿ ಎತ್ತರವೆಂಬುದು ಕೂಡಿಟ್ಟ ಹಣದಂತೆ. ಏನಾದರೂ ಕೈಕೊಟ್ಟಾಗ ಚಾಲಕನು ಸಮಯವನ್ನು ಕೊಳ್ಳುವುದು ಅದರಿಂದಲೇ. ಅಂದು ಆ ಹಣ ಸಾಲಲಿಲ್ಲ.

ತನಿಖೆ ಏನು ಹೇಳಿತು?

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಈ ಅಪಘಾತವನ್ನು ತನಿಖೆ ಮಾಡಿತು. ಅದರ ವರದಿಯ ಮುಖ್ಯ ನಿರ್ಣಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಎಂಜಿನ್ ಮರುಚಾಲನೆಗೆಂದು ವಿನ್ಯಾಸಕಾರರು ರೂಪಿಸಿದ ವಿಧಾನವೇ ತಪ್ಪಾಗಿತ್ತು, ಆ ವಿಧಾನವನ್ನು ಚಾಲಕರು ಸಾಲದಷ್ಟು ಎತ್ತರದಲ್ಲಿ ಅನುಸರಿಸಿದರು, ಇದರಿಂದ ವಿಮಾನ ವೇಗವಾಗಿ ಎತ್ತರ ಕಳೆದುಕೊಂಡು ಅಸಹಜವಾಗಿ ವರ್ತಿಸಿ ಪತನಗೊಂಡಿತು.

ಇದಕ್ಕೆ ಪೂರಕವಾದ ನಾಲ್ಕು ಕಾರಣಗಳನ್ನೂ ವರದಿ ಎತ್ತಿ ತೋರಿಸಿತು.

1. ಚಾಲಕರ ನಡುವಿನ ಹೊಂದಾಣಿಕೆ ಮತ್ತು ಚಾಲಕಕೋಶದ ಕಾರ್ಯಕ್ರಮಗಳಲ್ಲಿ ಇದ್ದ ಕೊರತೆ.

2. ನಿಯಂತ್ರಣ ಸಾಧನಗಳನ್ನು ಬಳಸಿದ ರೀತಿ.

3. ಮರುಚಾಲನೆಯ ಮೊದಲ ಪ್ರಯತ್ನ ವಿಫಲವಾದ ಮೇಲೆ, ಪರೀಕ್ಷಾ ನಿರ್ದೇಶಕರೊಡನೆ ಸಮಾಲೋಚಿಸಿ ಹಾರಾಟವನ್ನು ಅಲ್ಲಿಗೆ ಕೈಬಿಡದೆ ಹೋದದ್ದು.

4. ಪ್ರೊಪೆಲ್ಲರ್ ತಯಾರಕರನ್ನು ವಿಚಾರಿಸದೆ ಎನ್.ಎ.ಎಲ್. ಸಂಸ್ಥೆಯು ಮರುಚಾಲನೆಯ ವಿಧಾನವನ್ನು ರೂಪಿಸಿದ್ದು.

ಈ ಪಟ್ಟಿಯನ್ನು ಮೇಲಿಂದ ಕೆಳಗೆ ಓದುವುದಕ್ಕಿಂತ ಕೆಳಗಿನಿಂದ ಮೇಲಕ್ಕೆ ಓದಿದರೆ ಘಟನೆಯ ಕ್ರಮ ಸ್ಪಷ್ಟವಾಗುತ್ತದೆ. ಮೊದಲು ಆಗಬೇಕಿದ್ದ ಒಂದು ವಿಚಾರಣೆ ಆಗಲಿಲ್ಲ. ಅದರಿಂದ ತಪ್ಪು ವಿಧಾನ ಕೈಪಿಡಿಗೆ ಬಂದಿತು. ಆ ವಿಧಾನ ಮೊದಲ ಬಾರಿ ಫಲಿಸದಿದ್ದಾಗ ಪರೀಕ್ಷೆಯನ್ನು ನಿಲ್ಲಿಸಿ, ನಡೆಯುತ್ತಿದ್ದ ಇನ್ನೊಂದು ಎಂಜಿನ್ನಿನೊಡನೆ ಹಿಂದಿರುಗುವ ಅವಕಾಶ ಬಂದಿತು, ಅದು ಬಳಕೆಯಾಗಲಿಲ್ಲ. ಕಡೆಯ ಕೆಲವು ಸೆಕೆಂಡುಗಳಲ್ಲಿ ಉಳಿದದ್ದು ಚಾಲಕರ ಕೈ ಮತ್ತು ಸಾಲದ ಎತ್ತರ. ಈ ಕೊಂಡಿಗಳಲ್ಲಿ ಯಾವುದಾದರೂ ಒಂದು ಕಳಚಿದ್ದರೂ ಮೂವರೂ ಸಂಜೆ ಮನೆಗೆ ಮರಳುತ್ತಿದ್ದರೆಂದು ನಂಬಲು ಕಾರಣವಿದೆ.

‘ಪೈಲಟ್ ತಪ್ಪು’ ಎಂಬ ಮಾತು

ಯಾವುದೇ ವಿಮಾನ ಅಪಘಾತವಾದ ಮರುದಿನ ‘ಪೈಲಟ್ ತಪ್ಪು’ ಎಂಬ ಎರಡು ಪದಗಳು ಮನೆಮನೆಯ ಮಾತಾಗುತ್ತವೆ. 2025ರ ಜೂನ್ ತಿಂಗಳಲ್ಲಿ ಅಹಮದಾಬಾದ್ ದುರಂತ ಸಂಭವಿಸಿದಾಗಲೂ, ತನಿಖೆಯ ಪ್ರಾಥಮಿಕ ವರದಿ ಬರುವ ಮೊದಲೇ, ಕಾಫಿ ಕುಡಿಯುತ್ತ ತೀರ್ಪು ಕೊಟ್ಟವರು ಕಡಿಮೆಯೇನಲ್ಲ. ಸತ್ತ ಚಾಲಕನು ತನ್ನ ಪರವಾಗಿ ಮಾತನಾಡಲಾರನು. ಅವನ ತಂದೆತಾಯಿ, ಹೆಂಡತಿ, ಮಕ್ಕಳು ಉಳಿದ ಆಯುಷ್ಯವೆಲ್ಲ ಆ ಎರಡು ಪದಗಳೊಡನೆ ಬದುಕಬೇಕಾಗುತ್ತದೆ.

ಬಿಡದಿಯ ವರದಿ ಚಾಲಕರ ಪಾಲನ್ನು ಮುಚ್ಚಿಡಲಿಲ್ಲ, ಮುಚ್ಚಿಡಬಾರದು ಕೂಡ. ಆದರೆ ಅವರು ಅನುಸರಿಸಿದ ಲಿಖಿತ ವಿಧಾನವೇ ತಪ್ಪಾಗಿತ್ತೆಂಬುದನ್ನು ಅದು ಮೊದಲ ವಾಕ್ಯದಲ್ಲೇ ಇಟ್ಟಿತು. ಈ ಕ್ರಮವೇ ಮುಖ್ಯ. ಬ್ಯಾಂಕಿನ ಕೆಲಸದಲ್ಲಿ ಆಯುಷ್ಯ ಕಳೆದ ನಮ್ಮಂತಹವರಿಗೆ ಇದು ಸುಲಭವಾಗಿ ಅರ್ಥವಾಗುವ ಮಾತು. ಸುತ್ತೋಲೆಯೇ ತಪ್ಪಾಗಿದ್ದರೆ, ಅದನ್ನು ಅಕ್ಷರಶಃ ಪಾಲಿಸುವ ಶ್ರದ್ಧಾವಂತ ಗುಮಾಸ್ತನೇ ಮೊದಲು ನಷ್ಟ ಮಾಡುತ್ತಾನೆ. ಅದಕ್ಕೇ ಒಬ್ಬನು ಬರೆದದ್ದನ್ನು ಇನ್ನೊಬ್ಬನು ಪರಿಶೀಲಿಸಿ ಸಹಿ ಹಾಕುವ ಪದ್ಧತಿ ಬಂದಿದೆ. ಬ್ಯಾಂಕಿನಲ್ಲಿ ಆ ಎರಡನೆಯ ಸಹಿ ತಪ್ಪಿದರೆ ಹೋಗುವುದು ಹಣ. ಪರೀಕ್ಷಾ ಹಾರಾಟದಲ್ಲಿ ಹೋಗುವುದು ಜೀವ. ಸಾರಸ್ ವಿಷಯದಲ್ಲಿ ತಪ್ಪಿಹೋದ ಎರಡನೆಯ ಸಹಿ ಪ್ರೊಪೆಲ್ಲರ್ ತಯಾರಕರದು.

ಕೋಲ್ಕತ್ತದ ಸಮೀಪದ ಒಂದು ಹಳೆಯ ಪಾಠ

ತನಿಖೆಗೆ ಏಕೆ ಇಷ್ಟು ಮಹತ್ವ ಕೊಡಬೇಕೆಂಬುದಕ್ಕೆ ನಮ್ಮ ನಗರದ ಪಕ್ಕದಲ್ಲೇ ಒಂದು ನಿದರ್ಶನವಿದೆ. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಕಾಮೆಟ್ ಸೇವೆಗೆ ಬಂದು ಸರಿಯಾಗಿ ಒಂದು ವರ್ಷವಾದ ದಿನ, ಅಂದರೆ 1953ರ ಮೇ 2ರಂದು, ಸಿಂಗಪುರದಿಂದ ಲಂಡನ್ನಿಗೆ ಸಾಗುತ್ತಿದ್ದ ಬ್ರಿಟಿಷ್ ಕಾಮೆಟ್ ವಿಮಾನವೊಂದು ದಮ್ ದಮ್ ನಿಲ್ದಾಣದಿಂದ ದೆಹಲಿಯತ್ತ ಏರಿತು. ಕೆಲವೇ ನಿಮಿಷಗಳಲ್ಲಿ ಬಿರುಗಾಳಿ, ಗುಡುಗು ಮಳೆಗೆ ಸಿಲುಕಿ ಆಕಾಶದಲ್ಲೇ ಮುರಿದು, ಹುಗ್ಲಿ ಜಿಲ್ಲೆಯ ಜಗಲ್‌ಗೋರಿ ಗ್ರಾಮದ ಬಳಿ ಬಿದ್ದಿತು. ಅದರಲ್ಲಿದ್ದ 43 ಮಂದಿಯೂ ಮಡಿದರು. ವೈಶಾಖದ ಸಂಜೆಗಳಲ್ಲಿ ಕಾಲಬೈಶಾಖಿ ಎದ್ದಾಗ ಕಿಟಕಿ ಮುಚ್ಚಲು ಓಡುವ ನಾವು, ಆ ಗಾಳಿಯ ಬಲವನ್ನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ.

ಬಿರುಗಾಳಿಯೇ ಕಾರಣವೆಂಬ ಉತ್ತರ ಎದುರಿಗೇ ಇತ್ತು. ಆದರೆ 1954ರಲ್ಲಿ ಇಟಲಿಯ ಬಳಿ, ಸಮುದ್ರದ ಮೇಲೆ, ಇನ್ನೆರಡು ಕಾಮೆಟ್‌ಗಳು ಮುರಿದುಬಿದ್ದಾಗ ಹಾಗೆ ಹೇಳುವಂತಿರಲಿಲ್ಲ. ಇಂಗ್ಲೆಂಡಿನ ವಿಜ್ಞಾನಿಗಳು ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ನೋಡಿದರು. ಆ ಎರಡು ವಿಮಾನಗಳ ಲೋಹವೇ ದಣಿದು ಬಿರಿದಿತ್ತೆಂಬುದು ಆಗ ಗೊತ್ತಾಯಿತು. ಕಾಮೆಟ್ ಅಪಘಾತಗಳ ಕುರಿತ ವಿಚಾರಣೆಯಲ್ಲಿ ಪಾಲ್ಗೊಂಡಿದ್ದ ಆಸ್ಟ್ರೇಲಿಯಾದ ಡೇವಿಡ್ ವಾರನ್ ಅವರಿಗೆ, ಚಾಲಕರ ಕಡೆಯ ಮಾತುಗಳನ್ನೂ ಉಪಕರಣಗಳ ಕಡೆಯ ಅಳತೆಗಳನ್ನೂ ಉಳಿಸುವ ಪೆಟ್ಟಿಗೆಯೊಂದು ಬೇಕೆಂಬ ಯೋಚನೆ ಹೊಳೆಯಿತು. ಇಂದು ಎಲ್ಲರೂ ಬ್ಲ್ಯಾಕ್ ಬಾಕ್ಸ್ ಎನ್ನುವುದು ಅದನ್ನೇ. ಮೊದಲ ಉತ್ತರಕ್ಕೇ ತೃಪ್ತರಾಗಿದ್ದರೆ ಇನ್ನೆಷ್ಟು ವಿಮಾನಗಳು ಬೀಳುತ್ತಿದ್ದವೋ ಹೇಳಲಾಗದು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ ಹದಿಮೂರನೆಯ ಅನುಬಂಧವು, ಅಪಘಾತ ತನಿಖೆಯ ಏಕೈಕ ಗುರಿ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ದೋಷ ಹೊರಿಸುವುದಲ್ಲ ಎಂದು ವಿಧಿಸುತ್ತದೆ. ಬಿಡದಿ ಅಪಘಾತದ ಕಾಲದಲ್ಲಿ ನಮ್ಮ ದೇಶದಲ್ಲಿ ವಿಮಾನಯಾನಕ್ಕೆ ನಿಯಮ ಮಾಡುವ ಮಹಾನಿರ್ದೇಶನಾಲಯವೇ ತನಿಖೆಯನ್ನೂ ನಡೆಸುತ್ತಿತ್ತು. ನಿಯಂತ್ರಕನೇ ತನಿಖೆ ನಡೆಸಿದರೆ ನಿಯಂತ್ರಕನ ಲೋಪವನ್ನು ಹೇಳುವವರು ಯಾರು ಎಂಬ ಪ್ರಶ್ನೆ ಸಹಜವಾದದ್ದು. 2012ರಲ್ಲಿ ವಿಮಾನ ಅಪಘಾತ ತನಿಖಾ ಸಂಸ್ಥೆ ಪ್ರತ್ಯೇಕವಾಗಿ ರೂಪುಗೊಂಡಿತು.

ಅನಂತರದ ಕಥೆ

ಅಪಘಾತದ ಬಳಿಕ ಸಾರಸ್ ಯೋಜನೆ ಕುಂಟುತ್ತ ಸಾಗಿ, ಕೆಲವು ವರ್ಷಗಳಲ್ಲಿ ಹಣದ ನೆರವು ನಿಂತು, ಹೆಚ್ಚುಕಡಿಮೆ ಮುಚ್ಚಿಹೋಯಿತು. ಮತ್ತೆ ಜೀವ ಬಂದದ್ದು ಬಹುಕಾಲದ ಮೇಲೆ. ಮೊದಲ ಮೂಲಮಾದರಿಯನ್ನೇ ಸುಧಾರಿಸಿ, 2018ರ ಜನವರಿ 24ರಂದು ಬೆಂಗಳೂರಿನಲ್ಲಿ ಹಾರಿಸಲಾಯಿತು. ಆ ದಿನ ವಿಮಾನದಲ್ಲಿ ಕುಳಿತವರೂ ವಾಯುಪಡೆಯ ಪರೀಕ್ಷಾ ಚಾಲಕರೇ. ಒಂಬತ್ತು ವರ್ಷಗಳ ಹಿಂದೆ ಏನಾಯಿತೆಂಬುದನ್ನು ಚೆನ್ನಾಗಿ ತಿಳಿದೇ ಅವರು ಮೇಲೇರಿದರು. ಸಾರಸ್ ಮಾರ್ಕ್-2 ಎಂಬ 19 ಆಸನಗಳ ವಿಮಾನದ ಕಾರ್ಯವು ಅದರ ಮುಂದುವರಿಕೆ.

ಇದನ್ನೋದಿ ಯಾರೂ ವಿಮಾನ ಪ್ರಯಾಣಕ್ಕೆ ಹೆದರಬೇಕಾಗಿಲ್ಲ. ಪರೀಕ್ಷಾ ಹಾರಾಟ ಬೇರೆ, ಪ್ರಯಾಣಿಕರ ಹಾರಾಟ ಬೇರೆ. ಅಪಾಯವನ್ನು ಮೊದಲೇ ಹುಡುಕಿ ನಿವಾರಿಸುವ ಕೆಲಸವನ್ನು ಕೆಲವರು ತಮ್ಮ ಮೇಲೆ ಹಾಕಿಕೊಂಡಿರುವುದರಿಂದಲೇ ನಮ್ಮ ಪ್ರಯಾಣ ಸುರಕ್ಷಿತವಾಗಿದೆ.

ಮುಂದೆ ಎಲ್ಲಿಯಾದರೂ ಇಂತಹ ದುರಂತದ ಸುದ್ದಿ ಬಂದಾಗ, ತಪ್ಪು ಯಾರದೆಂದು ಮಕ್ಕಳು ನಮ್ಮನ್ನು ಕೇಳುತ್ತಾರೆ. ಆಗ ಮೂರು ಸಂಗತಿಗಳನ್ನು ಹೇಳಿಕೊಡಬಹುದು. ವರದಿ ಬರುವ ತನಕ ಕಾಯಬೇಕು. ಬಂದ ಮೇಲೆ, ಚಾಲಕನು ಏನು ಮಾಡಿದನೆಂಬುದರ ಜೊತೆಗೆ ಅವನ ಕೈಗೆ ಏನು ಬರೆದುಕೊಟ್ಟಿದ್ದರು ಎಂಬುದನ್ನೂ ನೋಡಬೇಕು. ಅದನ್ನು ಬರೆದವರು ಬೇರೆ ಯಾರನ್ನು ಕೇಳಬೇಕಿತ್ತು ಎಂಬುದನ್ನೂ ವಿಚಾರಿಸಬೇಕು. ಕೋಟೆಕೊಪ್ಪ, ಷಾ, ಇಳಯರಾಜ ಈ ಮೂವರ ಹೆಸರುಗಳು ನಮ್ಮ ನೆನಪಿನಲ್ಲಿ ಉಳಿಯಲಿ.